ಮಾಮಲ್ಲಪುರದ ಬಂಡೆ ಮತ್ತು ಅದರ ನೀರು

ಚೆನ್ನೈ ನಗರದಿಂದ ಕಡಲತೀರವನ್ನು ಹಿಡಿದು ದಕ್ಷಿಣಕ್ಕೆ ಸುಮಾರು 55 ಕಿಲೋಮೀಟರು ಸಾಗಿದರೆ ಮಾಮಲ್ಲಪುರವು ಸಿಕ್ಕುವುದು. ಅಲ್ಲಿ ಊರ ನಡುವೆ ಎದ್ದಿರುವ ಕಲ್ಲುಗುಡ್ಡದ ಮೂಡಣ ಮೈಯಲ್ಲಿ, ಒಂದಕ್ಕೊಂದು ಒತ್ತಿ ನಿಂತ ಎರಡು ಹೆಬ್ಬಂಡೆಗಳ ಮೇಲೆ, ಪಲ್ಲವರ ಕಾಲದ ಶಿಲ್ಪಿಗಳು ನೂರಕ್ಕೂ ಮಿಕ್ಕ ಮೂರ್ತಿಗಳನ್ನು ಕಡೆದಿದ್ದಾರೆ. ಅಗಲ ಸುಮಾರು 90 ಅಡಿ. ಎತ್ತರ 40 ಅಡಿಗೆ ಮೇಲೆಯೇ. ದೇವತೆಗಳು, ಗಂಧರ್ವರು, ಕಿನ್ನರಮಿಥುನಗಳು, ಮುನಿಗಳು, ಬೇಡರು, ಆನೆ, ಸಿಂಹ, ಜಿಂಕೆ, ಕೋತಿ, ಕಡೆಗೆ ಬೆಕ್ಕು ಇಲಿಗಳವರೆಗೆ ಎಲ್ಲರಿಗೂ ಅಲ್ಲಿ ಎಡೆಯುಂಟು. ಇದು ಗರ್ಭಗುಡಿಯ ಕತ್ತಲೆಯಲ್ಲಿ ಅಡಗಿರುವ ಶಿಲ್ಪವಲ್ಲ. ಗೋಡೆಯಿಲ್ಲ, ಬಾಗಿಲಿಲ್ಲ, ಅರ್ಚಕನಿಲ್ಲ. ಬೀದಿಯಲ್ಲಿ ಹೋಗುವ ಯಾವನಾದರೂ ತಲೆಯೆತ್ತಿದರೆ ಸಾಕು, ಎಲ್ಲವೂ ಕಣ್ಣಿಗೆ ಬೀಳುವುದು. ರಾಜನು ಪ್ರಜೆಗಳ ಕಣ್ಣೆದುರಿಗೆ ಬಿಚ್ಚಿಟ್ಟ ಮಹಾಕಾವ್ಯವೆಂದರೂ ಸಲ್ಲುವುದು.

ಈ ಕಾವ್ಯದ ಹೆಸರೇನೆಂಬ ವಿಷಯದಲ್ಲಿ ಒಂದು ಶತಮಾನವನ್ನು ಮೀರಿದ ವ್ಯಾಜ್ಯವಿದೆ. ಎಡಗಡೆಯ ಬಂಡೆಯ ಮೇಲ್ಭಾಗದಲ್ಲಿ ಒಬ್ಬ ತಪಸ್ವಿಯು ಒಂಟಿಕಾಲಿನಲ್ಲಿ ನಿಂತು ತೋಳುಗಳನ್ನು ತಲೆಯ ಮೇಲಕ್ಕೆ ಎತ್ತಿದ್ದಾನೆ. ಗಡ್ಡ ಬೆಳೆದಿದೆ, ಪಕ್ಕೆಯ ಎಲುಬುಗಳನ್ನು ಎಣಿಸಬಹುದು. ಅವನ ಪಕ್ಕದಲ್ಲಿ ಚತುರ್ಭುಜನಾದ ಶಿವನು ಗಣಗಳೊಡನೆ ನಿಂತು ವರದಹಸ್ತವನ್ನು ಚಾಚಿದ್ದಾನೆ. ಪಾಶುಪತಾಸ್ತ್ರವನ್ನು ಬೇಡಿದ ಅರ್ಜುನನೇ ಈ ತಪಸ್ವಿಯೆಂದು ಬಹುಕಾಲದಿಂದ ಜನ ಹೇಳುತ್ತ ಬಂದರು. 'ಅರ್ಜುನನ ತಪಸ್ಸು' ಎಂಬುದೇ ರೂಢಿಯ ಹೆಸರಾಯಿತು. 1914ರಲ್ಲಿ ವಿಕ್ಟರ್ ಗೊಲುಬ್ಯೂ ಎಂಬ ವಿದ್ವಾಂಸರು, ಅಲ್ಲ, ಇವನು ಭಗೀರಥನು, ಇದು ಗಂಗಾವತರಣವೆಂದು ವಾದಿಸಿದರು. ಆನಂದ ಕುಮಾರಸ್ವಾಮಿಗಳಂಥ ರಸಜ್ಞರು ಇದನ್ನು ಒಪ್ಪಿದರು. ಅನಂತರ ಟಿ. ಎನ್. ರಾಮಚಂದ್ರನ್ ಅವರು ಭಾರವಿಯ ಕಿರಾತಾರ್ಜುನೀಯವನ್ನು ಮುಂದಿಟ್ಟುಕೊಂಡು ಅರ್ಜುನನ ಪಕ್ಷವನ್ನೇ ಮತ್ತೆ ಎತ್ತಿ ಹಿಡಿದರು. ತಪಸ್ಸಿನ ಭಂಗಿಯಿಂದ ತೀರ್ಪು ಹೇಳುವುದು ಸಾಧ್ಯವಿಲ್ಲ. ವನಪರ್ವದಲ್ಲಿ ಅರ್ಜುನನೂ ತೋಳೆತ್ತಿ ಕಾಲ್ಬೆರಳ ತುದಿಯಲ್ಲಿ ನಿಲ್ಲುತ್ತಾನೆ. ಬಾಲಕಾಂಡದಲ್ಲಿ ಭಗೀರಥನೂ ಶಿವನನ್ನು ಕುರಿತು ಹೆಬ್ಬೆರಳ ತುದಿಯಲ್ಲಿಯೇ ನಿಲ್ಲುತ್ತಾನೆ. ತಪಸ್ವಿಗಳೆಲ್ಲ ಒಂದೇ ರೀತಿಯಲ್ಲಿ ನಿಂತರೆ ವಿಮರ್ಶಕನು ಏನು ಮಾಡಬೇಕು?

ಕನ್ನಡ ವಾಚಕರ ಮನಸ್ಸು ಈ ವ್ಯಾಜ್ಯದಲ್ಲಿ ಅರ್ಜುನನ ಕಡೆಗೆ ವಾಲುವುದು ಸಹಜ. ಭಾರವಿಯ ಕೀರ್ತಿಯನ್ನು ಹೆಸರು ಹಿಡಿದು ಹೇಳಿದ ಬಹು ಹಳೆಯ ಶಾಸನವು ಐಹೊಳೆಯಲ್ಲಿದೆ: ಇಮ್ಮಡಿ ಪುಲಕೇಶಿಯ ಆಸ್ಥಾನದ ರವಿಕೀರ್ತಿಯು 634ರಲ್ಲಿ ಅದನ್ನು ಬರೆದನು. ಗಂಗವಂಶದ ದುರ್ವಿನೀತನು ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ರಚಿಸಿದನೆಂದು ತಾಮ್ರಪಟಗಳು ಹೇಳುತ್ತವೆ. ಪಂಪನಿಗೆ ಅರ್ಜುನನೇ ನಾಯಕ. ಕುಮಾರವ್ಯಾಸನ ಅರಣ್ಯಪರ್ವದಲ್ಲಿ ಕಿರಾತನ ಪ್ರಸಂಗ ಬಂದಾಗ ಗಮಕಿಯ ಸುತ್ತ ಕುಳಿತ ಹೆಂಗಸರು ಮಕ್ಕಳು ಸಹ ಮೈಮರೆಯುವುದು ಅನೇಕ ಮನೆಗಳವರ ಅನುಭವ. ಇಂಥ ಸಂಸ್ಕಾರವುಳ್ಳವರು ಮಾಮಲ್ಲಪುರಕ್ಕೆ ಹೋಗಿ ಒಂಟಿಕಾಲಿನ ತಪಸ್ವಿಯನ್ನು ಕಂಡರೆ 'ಇಗೋ ಪಾರ್ಥ' ಎನ್ನುವರು. ಎಂದು ತೃಪ್ತಿಪಟ್ಟು ಆನೆಗಳ ಕಡೆಗೆ ತಿರುಗುವರು. ಅಲ್ಲಿಗೆ ನೋಡುವುದು ಮುಗಿಯಿತು.

ಆದರೆ ನೋಡಬೇಕಾದುದು ಅಲ್ಲಿಂದ ಮೊದಲಾಗುವುದು. ಎರಡು ಬಂಡೆಗಳ ನಡುವೆ ನೆತ್ತಿಯಿಂದ ನೆಲದವರೆಗೆ ಒಂದು ಸೀಳಿದೆ. ಅದು ಪ್ರಕೃತಿಯೇ ಮಾಡಿದ ಸೀಳು, ಶಿಲ್ಪಿಯದಲ್ಲ. ಬೇರೆ ಯಾವನಾದರೂ ಆಗಿದ್ದರೆ ಈ ಬಿರುಕನ್ನು ದೋಷವೆಂದೆಣಿಸಿ ಬಿರುಕಿಲ್ಲದ ಬಂಡೆಯನ್ನು ಹುಡುಕಿಕೊಂಡು ಹೋಗುತ್ತಿದ್ದನು. ಈ ಶಿಲ್ಪಿಯು ಅದನ್ನೇ ತನ್ನ ಕೃತಿಯ ಬೆನ್ನೆಲುಬಾಗಿ ಮಾಡಿಕೊಂಡನು. ಸೀಳಿನೊಳಗೆ ನಾಗರಾಜನನ್ನೂ ನಾಗಿಣಿಯನ್ನೂ ಇರಿಸಿದನು. ಹೆಡೆಗಳು ಬಿಚ್ಚಿವೆ, ಕೈಗಳು ಮುಗಿದಿವೆ, ಬಾಲಗಳು ಕೆಳಗೆ ಸುಳಿಸುತ್ತಿವೆ. ಹೊಳೆಯ ಸೆಳವಿಗೆ ಎದುರಾಗಿ ಈಜುತ್ತ ಮೇಲಕ್ಕೆ ಏರುವಂತೆ ಅವರ ಮೈಯ ಬಳುಕು. ಗುಡ್ಡದ ಮೇಲೆ, ಈ ಸೀಳಿನ ನೆತ್ತಿಯಲ್ಲಿ, ನೀರನ್ನು ತಡೆದು ನಿಲ್ಲಿಸಿ ಕೆಳಕ್ಕೆ ಬಿಡುವುದಕ್ಕೆ ಏರ್ಪಡಿಸಿದ್ದ ತೊಟ್ಟಿಯ ಕುರುಹುಗಳು ಉಳಿದಿವೆ. ಗೊಲುಬ್ಯೂ ಅವರ ವಾದಕ್ಕೆ ಬಲವಾದ ಆಧಾರವೂ ಇದೇ. ಎಂದಮೇಲೆ ಒಂದು ಕಾಲದಲ್ಲಿ ಈ ಸೀಳಿನಲ್ಲಿ ನೀರು ನಿಜವಾಗಿ ಇಳಿಯುತ್ತಿದ್ದಿತು. ನಾಗರ ಹೆಡೆಗಳು ಒದ್ದೆಯಾಗುತ್ತಿದ್ದುವು. ಒದ್ದೆಯಾದ ಕಲ್ಲು ಬಿಸಿಲಿಗೆ ಮಿರುಗುತ್ತಿದ್ದಿತು.

ಈ ಒಂದು ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಮತ್ತೆ ಬಂಡೆಯನ್ನು ನೋಡಿದರೆ ಎಲ್ಲವೂ ಸ್ಥಾನ ಪಲ್ಲಟವಾಗುವುದು. ಎಡಗಡೆಯವರೆಲ್ಲ ಬಲಕ್ಕೆ, ಬಲಗಡೆಯವರೆಲ್ಲ ಎಡಕ್ಕೆ ಸಾಗುತ್ತಿದ್ದಾರೆ. ಆಕಾಶದ ದಂಪತಿಗಳು ತೇಲುತ್ತ ಬರುತ್ತಿದ್ದಾರೆ. ಸಿಂಹಗಳು ಗುಹೆಯನ್ನು ಬಿಟ್ಟು ಬಂದಿವೆ. ದೊಡ್ಡ ಆನೆಗಳು ಮರಿಗಳನ್ನು ಕಾಲ ನಡುವೆ ಸೇರಿಸಿಕೊಂಡು ಹಳ್ಳಕ್ಕಿಳಿಯುವ ಗಜಗಮನದಲ್ಲಿಯೇ ಬಂದು ನಿಂತಿವೆ. ತಪಸ್ವಿಯ ಕಡೆಗೆ ಬರುತ್ತಿದ್ದರೆ ಬಲಗಡೆಯ ಬಂಡೆಯ ಆನೆಗಳು ತಲೆಯೆತ್ತಿ ಮೇಲೆ ನೋಡಬೇಕಾಗಿತ್ತು. ಅವು ನೋಡುವುದು ಮುಂದಕ್ಕೆ, ನೀರಿರಬೇಕಾದ ಕಡೆಗೆ. ತಪಸ್ವಿಯೂ ಶಿವನೂ ಕಾರಣಭೂತರು ನಿಜ. ಆದರೆ ಸಭೆ ಸೇರಿರುವುದು ಅವರಿಗಾಗಿ ಅಲ್ಲ. ಈ ಕಾವ್ಯದ ನಾಯಕಪಾತ್ರವು ನೀರು. ಕೆತ್ತಲಾಗದೆ ಉಳಿದದ್ದೂ ಅದೊಂದೇ.

ಗಂಗಾವತರಣವನ್ನು ಒಪ್ಪದವರು ಎತ್ತುವ ಒಂದು ಆಕ್ಷೇಪಣೆಗೆ ಇಲ್ಲಿಯೇ ಸಮಾಧಾನ ದೊರೆಯುವುದು. ತಿರುಚಿರಾಪಳ್ಳಿಯ ಗುಹೆಯಲ್ಲಿ ಮಹೇಂದ್ರವರ್ಮನ ಕಾಲದ ಗಂಗಾಧರಮೂರ್ತಿಯಿದೆ. ಅಲ್ಲಿ ಶಿವನು ಜಟೆಯ ಎಳೆಯನ್ನು ಕೈಯಲ್ಲಿ ಹಿಡಿದು ಚಾಚಿದ್ದಾನೆ. ಗಂಗೆಯು ಸ್ತ್ರೀರೂಪದಿಂದ ಮೇಲಿನಿಂದ ಇಳಿಯುತ್ತಾಳೆ. ಮಾಮಲ್ಲಪುರದ ಬಂಡೆಯಲ್ಲಿ ಜಟೆಯನ್ನು ಹಿಡಿದ ಕೈಯೂ ಇಲ್ಲ, ಗಂಗಾದೇವಿಯ ಮೂರ್ತಿಯೂ ಇಲ್ಲ. ಗಂಗೆಯೇ ಇಲ್ಲದ ಗಂಗಾವತರಣವೆಲ್ಲಿಯದು ಎಂದು ಅವರು ಕೇಳುವರು. ಕೇಳತಕ್ಕ ಪ್ರಶ್ನೆಯೇ. ಆದರೆ ಬಿಂಬವೇ ಬಂದು ನಿಲ್ಲುವ ಎಡೆಯಲ್ಲಿ ಪ್ರತಿಬಿಂಬವನ್ನು ಯಾರು ಕೆತ್ತುವರು? ಮದುಮಗಳು ಹಸೆಯ ಮೇಲೆ ಕುಳಿತಿರುವಾಗ ಅವಳ ಚಿತ್ರಪಟವನ್ನು ಪಕ್ಕದಲ್ಲಿಡುವ ಪದ್ಧತಿಯಿಲ್ಲ. ಗಂಗೆಯ ಮೂರ್ತಿಯಿಲ್ಲದಿರುವುದೇ ಅವಳು ಸಾಕ್ಷಾತ್ತಾಗಿ ಬರುತ್ತಿದ್ದಳೆಂಬುದಕ್ಕೆ ಪ್ರಮಾಣ. ಗಂಗಾಪಕ್ಷದವರೂ ಈ ಮಾತನ್ನು ಸಾಕಷ್ಟು ಗಟ್ಟಿಯಾಗಿ ಹೇಳಲಿಲ್ಲ. ತೊಟ್ಟಿಯನ್ನು ಅವರು ಸಾಕ್ಷಿಯೆಂದು ಬಳಸಿಕೊಂಡರು. ತಪಸ್ವಿ ಭಗೀರಥನೆಂದು ಸಾಧಿಸಿದ ಕೂಡಲೆ ತೊಟ್ಟಿಯನ್ನು ಬಿಟ್ಟು ಅವರೂ ಭಗೀರಥನ ಮುಖವನ್ನೇ ನೋಡುತ್ತ ನಿಂತರು.

ಇತ್ತೀಚಿನ ವಿದ್ವಾಂಸರು ಇನ್ನೊಂದು ದಾರಿಯನ್ನು ಹಿಡಿದಿದ್ದಾರೆ. 1994ರಲ್ಲಿ ಪದ್ಮಾ ಕೈಮಲ್ ಅವರೂ 1997ರಲ್ಲಿ ಮೈಕೆಲ್ ರೇಬ್ ಅವರೂ, ಶಿಲ್ಪಿಯು ಎರಡು ಅರ್ಥಗಳನ್ನೂ ಬೇಕೆಂದೇ ಇಟ್ಟಿರಬೇಕು ಎಂದರು. ಸಂಸ್ಕೃತ ಬಲ್ಲವರಿಗೆ ಇದರಲ್ಲಿ ಆಶ್ಚರ್ಯವಿಲ್ಲ. ಇದು ಶ್ಲೇಷ. ಕವಿರಾಜನ ರಾಘವಪಾಂಡವೀಯದಲ್ಲಿ ಒಂದೇ ಶ್ಲೋಕವು ರಾಮಕಥೆಯನ್ನೂ ಪಾಂಡವಕಥೆಯನ್ನೂ ಹೇಳುವುದಿಲ್ಲವೆ? ಅದಕ್ಕಿಂತ ಎಷ್ಟೋ ಮುಂಚೆ ಕಂಚಿಯಲ್ಲಿದ್ದ ದಂಡಿಗೆ ಈ ವಿದ್ಯೆ ಕರತಲಾಮಲಕವಾಗಿತ್ತು. ಆ ದಂಡಿಯು ಅವಂತಿಸುಂದರೀಕಥೆಯಲ್ಲಿ, ಮಹಾಮಲ್ಲಪುರದಲ್ಲಿ ಶಯನಮೂರ್ತಿಯಾದ ವಿಷ್ಣುವಿನ ಮುರಿದ ತೋಳನ್ನು ಲಲಿತಾಲಯನೆಂಬ ಶಿಲ್ಪಿಯು ಗೆರೆ ಕಾಣದಂತೆ ಸೇರಿಸಿದನೆಂದೂ ಅದನ್ನು ನೋಡಲು ತಾನು ಅಲ್ಲಿಗೆ ಹೋದನೆಂದೂ ಹೇಳಿಕೊಳ್ಳುತ್ತಾನೆ. ಕವಿಯೂ ಶಿಲ್ಪಿಯೂ ಒಬ್ಬರ ಕೆಲಸವನ್ನೊಬ್ಬರು ನೋಡಿ ಮೆಚ್ಚುತ್ತಿದ್ದ ಊರು ಅದು. ಅಂಥ ಊರಿನಲ್ಲಿ ಕಲ್ಲು ದ್ವ್ಯರ್ಥವಾಗಿ ಮಾತನಾಡಿದರೆ ತಪ್ಪೇನು?

ಆದರೆ ಶ್ಲೇಷಕ್ಕೆ ಒಂದು ನಿಯಮವಿದೆ. ಎರಡು ಅರ್ಥಗಳನ್ನೂ ಹೊರುವ ಪದವು ಒಂದೇ ಆಗಿರಬೇಕು. ಇಲ್ಲಿ ಆ ಪದ ಯಾವುದು? ತಪಸ್ವಿಯೆಂದು ವಿದ್ವಾಂಸರು ಹೇಳುವರು. ಸೀಳೆಂದು ಹೇಳುವುದು ಹೆಚ್ಚು ಸರಿಯಾಗಿ ತೋರುವುದು. ಅರ್ಜುನನು ತಪಸ್ಸು ಮಾಡಿದುದೂ ಹಿಮವಂತದಲ್ಲಿ. ಗಂಗೆಯಿಲ್ಲದ ಹಿಮವಂತವನ್ನು ಯಾವ ಕವಿಯೂ ವರ್ಣಿಸಲಾರನು. ಭಗೀರಥನಿಗೆ ಅವಳು ಫಲ, ಅರ್ಜುನನಿಗೆ ಅವಳು ನೆರೆಯವಳು. ಎರಡು ಕಥೆಯಲ್ಲಿಯೂ ಹರಿಯುವ ನೀರು ಒಂದೇ. ತಪಸ್ವಿಯ ಹೆಸರನ್ನು ಬದಲಾಯಿಸಿದರೆ ಶಿಲ್ಪಕ್ಕೆ ಏನೂ ಆಗುವುದಿಲ್ಲ. ನೀರನ್ನು ತೆಗೆದರೆ ನಾಗರು ಗಾಳಿಯಲ್ಲಿ ಈಜುವರು. ಈಗ ಆಗಿರುವುದೂ ಅದೇ.

ಸೀಳಿನ ಎಡಗಡೆಯ ಬುಡದಲ್ಲಿ, ಚಿಕ್ಕದೊಂದು ವಿಷ್ಣುವಿನ ಗುಡಿಯ ಕೆಳಗೆ, ಹೊಳೆಯ ದಡದ ದೃಶ್ಯವೊಂದಿದೆ. ಅವಸರದ ಕಣ್ಣಿಗೆ ಇದು ಬೀಳುವುದಿಲ್ಲ. ಈ ಶಿಲ್ಪದ ಹೃದಯವಿರುವುದಾದರೋ ಇಲ್ಲಿಯೇ. ಒಬ್ಬನು ಮಿಂದು ಬಂದು ಬಟ್ಟೆಯನ್ನು ಹಿಂಡುತ್ತಿದ್ದಾನೆ. ಒಬ್ಬನು ತುಂಬಿದ ಕೊಡವನ್ನು ಹೆಗಲಿಗೇರಿಸಿಕೊಂಡಿದ್ದಾನೆ. ಇನ್ನೊಬ್ಬನು ಎರಡು ಕೈಗಳ ಬೆರಳುಗಳನ್ನು ಹೆಣೆದು ಮೇಲೆತ್ತಿ ನಡುವಣ ಸಂದಿಯಿಂದ ಸೂರ್ಯನನ್ನು ನೋಡುತ್ತಿದ್ದಾನೆ. ಮಾಧ್ಯಾಹ್ನಿಕವನ್ನು ಮಾಡಿದವರಿಗೆ, ಮಾಡುವವರನ್ನು ಮನೆಯಲ್ಲಿ ಕಂಡವರಿಗೆ, ಈ ಕೈಗಳು ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಸಾವಿರದ ಮುನ್ನೂರು ವರುಷಗಳ ಹಿಂದಣ ಒಬ್ಬ ಮನುಷ್ಯನು ನಿನ್ನೆಯ ಮನೆಯ ಹಿರಿಯನಂತೆ ನಿಂತಿದ್ದಾನೆ. ಶಿಲ್ಪಿಯು ಇದರಿಂದ ಹೊತ್ತನ್ನೂ ತಿಳಿಸಿದ್ದಾನೆ: ನಡುಹಗಲು, ಬಾಯಾರುವ ಹೊತ್ತು. ಮೇಲೆ ಶಿವನು ವರವೀಯುವ ಅದ್ಭುತವು ನಡೆಯುತ್ತಿರುವಾಗ ಕೆಳಗೆ ಇವರು ತಲೆಯೆತ್ತಿಯೂ ನೋಡದೆ ಮಡಿಬಟ್ಟೆ ಹಿಂಡುತ್ತಾರೆ, ನೀರು ಹೊರುತ್ತಾರೆ. ಅದ್ಭುತರಸದ ಪಕ್ಕದಲ್ಲಿ ನಿತ್ಯದ ಗೃಹಕೃತ್ಯವನ್ನು ತಂದಿಟ್ಟ ಈ ಔಚಿತ್ಯಕ್ಕೆ ಎಣೆಯಿಲ್ಲ. ಇಷ್ಟು ಹತ್ತಿರದಲ್ಲಿಯೇ ಒಂದು ಜಿಂಕೆಯು ಹಿಂಗಾಲಿನಿಂದ ಮೂಗನ್ನು ತುರಿಸಿಕೊಳ್ಳುತ್ತಿದೆ. ಅದಕ್ಕೆ ಪುರಾಣವೂ ಬೇಡ, ಪಾಂಡಿತ್ಯವೂ ಬೇಡ.

ಬಲಗಡೆಯ ಬೆಕ್ಕಿನ ವಿಷಯವು ಬೇರೆ. ದೊಡ್ಡ ಆನೆಯ ದಂತದ ಕೆಳಗೆ ಒಂದು ಬೆಕ್ಕು ಹಿಂಗಾಲುಗಳ ಮೇಲೆ ನಿಂತು ಮುಂಗಾಲುಗಳನ್ನು ತಲೆಯ ಮೇಲಕ್ಕೆ ಎತ್ತಿ, ತಪಸ್ವಿಯ ಭಂಗಿಯನ್ನು ಹಾಗೆಯೇ ಅನುಕರಿಸುತ್ತಿದೆ; ಸುತ್ತಲೂ ಇಲಿಗಳು. ಹೊರದೇಶದ ಪ್ರವಾಸಿಗಳು ಇದನ್ನು ಕಂಡು ನಗುವರು. ಕೆಲವರು, ಪುಣ್ಯಜಲದ ಸನ್ನಿಧಿಯಲ್ಲಿ ಹುಟ್ಟುಹಗೆಗಳೂ ವೈರವನ್ನು ಮರೆತುವು ಎಂದು ಭಾವುಕವಾಗಿ ಅರ್ಥ ಹೇಳುವರು. ಮೊದಲನೆಯವರೇ ವಾಸಿ. ಈ ಬೆಕ್ಕು ಮಹಾಭಾರತದ ಉದ್ಯೋಗಪರ್ವದ್ದು. ಉಲೂಕನನ್ನು ಪಾಂಡವರ ಪಾಳೆಯಕ್ಕೆ ಕಳುಹಿಸುವಾಗ ದುರ್ಯೋಧನನು ಧರ್ಮರಾಯನನ್ನು ಹಂಗಿಸಲು ಈ ಕಥೆಯನ್ನು ಹೇಳಿಸುತ್ತಾನೆ. ಕಪಟಿಯಾದ ಬೆಕ್ಕೊಂದು ಗಂಗೆಯ ತೀರದಲ್ಲಿ ಊರ್ಧ್ವಬಾಹುವಾಗಿ ನಿಂತಿತು. ನಂಬಿದ ಇಲಿಗಳು ಅದನ್ನು ಆಶ್ರಯಿಸಿದುವು. ಇಲಿಗಳು ದಿನೇ ದಿನೇ ಕಡಮೆಯಾದುವು, ಬೆಕ್ಕು ದಿನೇ ದಿನೇ ಕೊಬ್ಬಿತು. ಮನುವು ಧರ್ಮಧ್ವಜಿಗಳನ್ನು ಬೈಡಾಲವ್ರತಿಕರೆಂದು ಕರೆದುದೂ ಇಂಥ ಬೆಕ್ಕಿನ ನಡತೆಯಿಂದಲೇ. ವಾಚಕರು ಗಮನಿಸತಕ್ಕದ್ದು ಕಥೆಯ ಸ್ಥಳವನ್ನು: ಗಂಗೆಯ ತೀರ. ಬೆಕ್ಕು ಭಾರತದ್ದಾದುದರಿಂದ ಅರ್ಜುನಪಕ್ಷದವರು ಅದನ್ನು ತಮ್ಮ ಸಾಕ್ಷಿಯೆಂದು ಕರೆಯಬಹುದು. ಗಂಗೆಯ ದಡದಲ್ಲಿರುವುದರಿಂದ ಗಂಗಾಪಕ್ಷದವರೂ ಕರೆಯಬಹುದು. ಇಬ್ಬರ ಕೈಗೂ ಸಿಕ್ಕುವ ಜಾತಿಯಲ್ಲ ಅದು.

ಶಿಲ್ಪಿಯು ಈ ಬೆಕ್ಕನ್ನು ಮೂಲೆಯಲ್ಲಿ ಅಡಗಿಸಲಿಲ್ಲವೆಂಬುದು ಮುಖ್ಯ. ನೀರು ಇಳಿಯುವ ಎಡೆಗೆ ಋಷಿಯೂ ಬರುತ್ತಾನೆ, ಠಕ್ಕನೂ ಬರುತ್ತಾನೆ. ಇಬ್ಬರ ಭಂಗಿಯೂ ಒಂದೇ. ಮೇಲಿನ ತೋಳುಗಳು ನೀರನ್ನು ಎಲ್ಲರಿಗೂ ಬೇಡುತ್ತವೆ. ಕೆಳಗಿನ ತೋಳುಗಳು, ನೀರಿಗಾಗಿ ಬಂದವರನ್ನು ತಿನ್ನಲು ಎತ್ತಿದವು. ಕೆರೆ ಬಾವಿಗಳ ಹೆಸರಿನಲ್ಲಿ ಕೈಯೆತ್ತುವವರನ್ನು ಕಂಡ ಯಾವ ಕಾಲದ ಯಾವ ಊರಿನವರಿಗೂ ಈ ಬೆಕ್ಕಿನ ಗುರುತು ಹತ್ತದಿರಲಾರದು. ಪಲ್ಲವ ಅರಸನು ತನ್ನ ಖರ್ಚಿನಲ್ಲಿ, ತನ್ನ ಕೀರ್ತಿಗಾಗಿ ಮಾಡಿಸಿದ ಶಿಲ್ಪದಲ್ಲಿ ಇದಕ್ಕೆ ಎಡೆ ಕೊಟ್ಟನೆಂದರೆ ಅವನ ರಸಿಕತೆಯನ್ನು ಹೊಗಳಲೇಬೇಕು. ಆ ಅರಸನು 630ರಿಂದ 668ರವರೆಗೆ ಆಳಿದ ನರಸಿಂಹವರ್ಮ ಮಾಮಲ್ಲನೆಂಬುದು ಬಹುಜನರ ಮತ. ಅವನ ತರುವಾಯ ಬಂದ ರಾಜಸಿಂಹನೆಂಬ ಮತವೂ ಉಂಟು. ಮಾಮಲ್ಲನಾಗಿದ್ದರೆ, ಇವನೇ 642ರಲ್ಲಿ ವಾತಾಪಿಯನ್ನು ಗೆದ್ದವನು. ಬಾದಾಮಿಯ ಬಂಡೆಯ ಮೇಲೆ ಅವನ ಶಾಸನವಿನ್ನೂ ಇದೆ. ಕೆಂಪು ಬಂಡೆಗಳ ಕೆಳಗೆ ಹರಡಿರುವ ಅಗಸ್ತ್ಯತೀರ್ಥವನ್ನು ಅವನು ಅಲ್ಲಿ ಕಂಡೇ ಇರಬೇಕು. ಬಂಡೆಯ ಬುಡದಲ್ಲಿ ನೀರು ಎಷ್ಟು ಚೆಂದವೆಂದು ಅಲ್ಲಿಯೇ ಅವನಿಗೆ ಹೊಳೆಯಿತೆಂದು ಕನ್ನಡಿಗನೊಬ್ಬನು ಜಂಬಪಟ್ಟರೆ ಅದು ಕವಿಕಲ್ಪನೆಯಾಗುವುದೇ ಹೊರತು ಇತಿಹಾಸವಾಗದು.

ಕಥೆಗೂ ಶಿಲ್ಪಕ್ಕೂ ಇರುವ ಒಂದು ಭೇದವನ್ನು ಎರಡು ಪಕ್ಷದವರೂ ಎತ್ತಿ ಹೇಳಿದಂತಿಲ್ಲ. ರಾಮಾಯಣದಲ್ಲಿ ಭಗೀರಥನು ನೀರನ್ನು ತಂದುದು ಯಾರಿಗಾಗಿ? ಬದುಕಿರುವವರಿಗಾಗಿ ಅಲ್ಲ. ಕಪಿಲನ ಕೋಪದಲ್ಲಿ ಬೂದಿಯಾದ ಅರುವತ್ತು ಸಾವಿರ ಸಗರಪುತ್ರರ ಸದ್ಗತಿಗಾಗಿ. ಸಗರ, ಅಂಶುಮಂತ, ದಿಲೀಪ ಮೂವರಿಂದಲೂ ಆಗದೆ ಉಳಿದ ಪಿತೃಕಾರ್ಯವದು. ಬಂಡೆಯಲ್ಲಿ ಬೂದಿಯ ಗುಡ್ಡೆಯಿಲ್ಲ, ಕುದುರೆಯಿಲ್ಲ, ಕಪಿಲನಿಲ್ಲ, ಸಗರಪುತ್ರನೊಬ್ಬನೂ ಇಲ್ಲ. ನಾಗರು ಪಾತಾಳವನ್ನು ಸೂಚಿಸುವರೆಂದು ಹೇಳಬಹುದು. ಆದರೆ ಆ ನಾಗರೂ ಸಂಸಾರಸಮೇತರಾಗಿ ಮೇಲಕ್ಕೆ ಬರುತ್ತಿದ್ದಾರೆ. ಸತ್ತವರ ಕಥೆಯನ್ನು ಎತ್ತಿಕೊಂಡು ಶಿಲ್ಪಿಯು ಅದರಲ್ಲಿ ಬದುಕಿರುವವರನ್ನು ಮಾತ್ರ ತುಂಬಿದನು. ತರ್ಪಣದ ನೀರು ಇಲ್ಲಿ ಕುಡಿಯುವ ನೀರಾಯಿತು. ಆನೆಯ ಮರಿಗೂ ಕೋತಿಗೂ ಪಾಲು ಸಿಕ್ಕಿತು. ನೀರನ್ನು ಜೀವನವೆಂದು ಅಮರಕೋಶವು ಹೇಳುವುದನ್ನು ಪಾಠಶಾಲೆಯ ಹುಡುಗರು ಬಾಯಿಪಾಠ ಮಾಡುತ್ತಾರೆ. ಆ ಒಂದು ಪರ್ಯಾಯಪದಕ್ಕೆ 90 ಅಡಿ ಅಗಲದ ವ್ಯಾಖ್ಯಾನವನ್ನು ಬೇರೆ ಯಾರೂ ಬರೆದಿಲ್ಲ.

ಈ ಬಂಡೆಯ ನೆರೆಯಲ್ಲಿಯೇ, ಕೆಲವೇ ಹೆಜ್ಜೆಗಳ ದೂರದಲ್ಲಿ, ಕೃಷ್ಣಮಂಟಪವಿದೆ. ಮುಂದಿನ ಕಂಬಗಳ ಮಂಟಪವು ವಿಜಯನಗರದ ಕಾಲದ್ದು. ಒಳಗಿನ ಶಿಲ್ಪವು ಪಲ್ಲವರದೇ, ಮೊದಲು ಅದೂ ಬಯಲಿನಲ್ಲಿಯೇ ಇದ್ದಿತು. ಅಲ್ಲಿ ಕೃಷ್ಣನು ಗೋವರ್ಧನವನ್ನು ಎತ್ತಿ ಹಿಡಿದಿದ್ದಾನೆ. ಇಂದ್ರನು ಸುರಿಸುವ ಮಳೆಯಿಂದ ಪಾರಾದ ಗೊಲ್ಲರು ನಿಶ್ಚಿಂತರಾಗಿ ಹಸು ಕರೆಯುತ್ತಿದ್ದಾರೆ, ಹಸುವು ಕರುವನ್ನು ನೆಕ್ಕುತ್ತಿದೆ. ಒಂದು ಕಡೆ ನೀರು ಬಾರದೆ ಬೇಡುವುದು, ಇನ್ನೊಂದು ಕಡೆ ಬಂದು ಬಂದು ಕೊಲ್ಲುವ ನೀರಿನಿಂದ ಕಾಪಾಡಿಕೊಳ್ಳುವುದು. ಕಡಲ ದಂಡೆಯಲ್ಲಿ ಬಾಳಿದ ಜನರಿಗೆ ಎರಡೂ ಗೊತ್ತಿದ್ದುವು. ಇಂದಿನವರಿಗೂ ಗೊತ್ತಾಗಿದೆ. 2015ರ ಡಿಸೆಂಬರಿನಲ್ಲಿ ಚೆಂಬರಂಬಾಕ್ಕಂ ಕೆರೆಯಿಂದ ಬಿಟ್ಟ ನೀರಿಗೆ ಅಡಯಾರು ಉಕ್ಕಿ ಚೆನ್ನೈ ಮುಳುಗಿತು. 2019ರ ಬೇಸಗೆಯಲ್ಲಿ ಪೂಂಡಿ, ಚೋಳವರಂ, ರೆಡ್‌ಹಿಲ್ಸ್, ಚೆಂಬರಂಬಾಕ್ಕಂ ನಾಲ್ಕು ಕೆರೆಗಳೂ ಒಣಗಿದುವು. ಆ ಜುಲೈ ತಿಂಗಳಲ್ಲಿ ಜೋಲಾರ್‌ಪೇಟೆಯಿಂದ 50 ಡಬ್ಬಿಗಳ ರೈಲೊಂದು ಒಂದು ಸಲಕ್ಕೆ 25 ಲಕ್ಷ ಲೀಟರು ನೀರನ್ನು ಹೊತ್ತು ಚೆನ್ನೈಗೆ ಬಂದಿತು. ಅದು ಕಾವೇರಿಯ ನೀರು. ತಿರುಚಿರಾಪಳ್ಳಿಯ ಗುಹೆಯ ಶಾಸನದಲ್ಲಿ ಮಹೇಂದ್ರವರ್ಮನ ಕವಿಯು ಒಂದು ಸರಸವನ್ನು ಹೇಳಿದ್ದಾನೆ: ಶಿವನಿಗೆ ನದಿಗಳೆಂದರೆ ಪ್ರೀತಿ; ಕಾವೇರಿಯನ್ನು ಕಂಡು ಎಲ್ಲಿ ಮೋಹಗೊಳ್ಳುವನೋ ಎಂದು ಶಂಕಿಸಿದ ಪಾರ್ವತಿಯು, ಇವಳು ಪಲ್ಲವನ ಪ್ರಿಯೆಯೆಂದು ಹೇಳುತ್ತ ತವರನ್ನು ಬಿಟ್ಟು ಬಂದು ಆ ಬೆಟ್ಟದಲ್ಲಿಯೇ ನೆಲಸಿದಳಂತೆ. ಕೊಡಗಿನಲ್ಲಿ ಹುಟ್ಟಿದ ಆ ಪ್ರಿಯೆಯು ಪಲ್ಲವರ ನಾಡಿನ ದಾಹವನ್ನು ತಣಿಸಲು ಕಬ್ಬಿಣದ ಡಬ್ಬಿಗಳಲ್ಲಿ ಕುಳಿತು ಬರಬೇಕಾಯಿತು. ಚೆನ್ನೈಯಿಂದ ಮಾಮಲ್ಲಪುರಕ್ಕೆ ಹೋಗುವ ದಾರಿಯಲ್ಲಿರುವ ನೆಮ್ಮೇಲಿಯಲ್ಲಿ 2013ರಿಂದ ಕಡಲ ನೀರನ್ನೇ ಸಿಹಿಮಾಡುವ ಯಂತ್ರಗಳು ನಡೆಯುತ್ತಿವೆ. ಮೊದಲು ಕಟ್ಟಿದ ಸ್ಥಾವರದ ಸಾಮರ್ಥ್ಯವು ದಿನಕ್ಕೆ 10 ಕೋಟಿ ಲೀಟರು. ಭಗೀರಥನ ಕೆಲಸವನ್ನು ಸಗರನ ಕೈಯಲ್ಲಿಯೇ ಮಾಡಿಸಿದಂತಾಯಿತು.

ಅದೇ 2019ರ ಅಕ್ಟೋಬರ್ 11ರಂದು ಭಾರತದ ಪ್ರಧಾನಿ ನರೇಂದ್ರ ಮೋದಿಯವರೂ ಚೀನದ ಅಧ್ಯಕ್ಷ ಷಿ ಜಿನ್‌ಪಿಂಗ್ ಅವರೂ ಈ ಬಂಡೆಯ ಎದುರಿಗೆ ನಿಂತರು. ಆ ದಿನದ ಚಿತ್ರಗಳು ಲೋಕವನ್ನೆಲ್ಲ ಸುತ್ತಿದುವು. ಪತ್ರಿಕೆಗಳೆಲ್ಲ 'ಅರ್ಜುನನ ತಪಸ್ಸು' ಎಂದೇ ಬರೆದುವು. ಮೂರು ತಿಂಗಳ ಹಿಂದೆ ರೈಲಿನಲ್ಲಿ ನೀರು ತರಿಸಿಕೊಂಡ ನಾಡಿನಲ್ಲಿ, ನೀರನ್ನು ಬೇಡುವ ಶಿಲ್ಪದ ಮುಂದೆ ಅಸ್ತ್ರವನ್ನು ಬೇಡಿದವನ ಹೆಸರು ಮೊಳಗಿತು. ಹೆಸರಿನ ವ್ಯಾಜ್ಯವು ಪಂಡಿತರ ಚೇಷ್ಟೆ ಮಾತ್ರವಲ್ಲವೆಂಬುದಕ್ಕೆ ಇದು ಸಾಕು. ಹೆಸರು ನೋಟವನ್ನು ತಿದ್ದುವುದು. ಅರ್ಜುನನೆಂದ ಕೂಡಲೆ ಕಣ್ಣು ಮೇಲಿನ ಎಡಮೂಲೆಗೆ ಹೋಗುವುದು. ಸೀಳು ಬರಿಯ ಬಿರುಕಾಗುವುದು. ಮಾರಾಟದ ಚಿತ್ರಪಟಗಳಲ್ಲಿಯೂ ಆನೆಗಳನ್ನು ತುಂಬಿಸಿ ಸೀಳನ್ನು ಅಂಚಿಗೆ ಕತ್ತರಿಸಿರುವುದು ಕಾಣಬರುತ್ತದೆ.

ಹಾಗಾದರೆ ಮತ್ತೆ ನೀರನ್ನು ಬಿಡಬಾರದೆ ಎಂಬ ಪ್ರಶ್ನೆ ಏಳುವುದು. ಅವಸರಪಡತಕ್ಕ ವಿಷಯವಲ್ಲ ಇದು. ಉಪ್ಪುಗಾಳಿಗೆ ಹದಿಮೂರು ಶತಮಾನ ಮೈಯೊಡ್ಡಿದ ಕಲ್ಲು ಅದು. 1984ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ವಸ್ತು. ಕೊಳವೆಯಿಂದ ನೀರೇರಿಸಿ, ಸಂಜೆ ಬಣ್ಣದ ದೀಪ ಹಾಕಿ, ಚೀಟಿ ಮಾರಿ, ಗೊತ್ತಾದ ವೇಳೆಗೆ ಗಂಗೆಯನ್ನು ಇಳಿಸಿದರೆ, ನಗರಗಳ ಚೌಕಗಳಲ್ಲಿ ಸಿಮೆಂಟಿನ ಮೀನುಗಳು ಒಂದೇ ನೀರನ್ನು ಹಗಲೆಲ್ಲ ಉಗುಳಿ ನುಂಗುವ ಕಾರಂಜಿಗಳ ಸಾಲಿಗೆ ಇದೂ ಸೇರುವುದು. ಗುಡ್ಡದ ತುದಿಯ ತೊಟ್ಟಿ ಎಷ್ಟು ದೊಡ್ಡದಾಗಿದ್ದರೂ ವರುಷವೆಲ್ಲ ಒಂದು ನದಿಯನ್ನು ಸಾಕಲಾರದಷ್ಟೆ. ಪಲ್ಲವರ ಕಾಲದಲ್ಲಿಯೂ ಬಹುದಿನಗಳು ಸೀಳು ಒಣಗಿಯೇ ಇದ್ದಿರಬೇಕು. ಆನೆಗಳು ಕಾಯುತ್ತಲೇ ಇದ್ದಿರಬೇಕು. ಆದರೆ ಅಂದಿನ ಊರವರಿಗೆ ನೀರಿಳಿಯುವ ದಿನವೊಂದಿದೆಯೆಂಬುದು ಗೊತ್ತಿತ್ತು. ಅವರಿಗೆ ಒಣಗಿದ ಸೀಳೂ ನದಿಯಾಗಿಯೇ ಕಾಣುತ್ತಿದ್ದಿತು. ಈಗ ಬೇಕಾಗಿರುವುದು ಕೊಳವೆಯಲ್ಲ, ಆ ತಿಳಿವಳಿಕೆ. ದಾರಿ ತೋರಿಸುವವನು ತಪಸ್ವಿಯ ಹೆಸರನ್ನು ಹೇಳುವುದಕ್ಕೆ ಮುಂಚೆ ನೆತ್ತಿಯ ತೊಟ್ಟಿಯ ಕಡೆಗೆ ಬೆರಳು ತೋರಿಸಿದರೆ, ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋದ ಉಪಾಧ್ಯಾಯನು 'ನೀರು ಎಲ್ಲಿಂದ ಬರುತ್ತಿತ್ತು, ಹುಡುಕಿರಿ' ಎಂದರೆ, ಅರ್ಧ ಕೆಲಸವಾದಂತೆಯೇ.

ಆ ಸೀಮೆಯ ಮುಖ್ಯವಾದ ಮಳೆಯು ಈಶಾನ್ಯದ ಹಿಂಗಾರು; ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಕಡಲ ಕಡೆಯಿಂದ ಬರುವುದು, ಬಂಡೆಯ ಮುಖಕ್ಕೇ ಹೊಡೆಯುವುದು. ಅಂಥ ಜಡಿಮಳೆಯ ದಿನ ಗುಡ್ಡದ ಮೇಲೆ ಬಿದ್ದ ನೀರಿಗೆ ಇಳಿಯಲು ಸೀಳಿಗಿಂತ ಹತ್ತಿರದ ದಾರಿ ಬೇರೆಯಿಲ್ಲ. ನೋಡಬಂದವರು ಕೊಡೆ ಸಾಲದೆ ಓಡಿ ನೆರೆಯ ಕೃಷ್ಣಮಂಟಪದಲ್ಲಿ, ಗೋವರ್ಧನದ ಕೆಳಗೆ, ಹಸು ಕರೆಯುವ ಗೊಲ್ಲನ ಪಕ್ಕದಲ್ಲಿ ಸೇರಿ ನಿಲ್ಲುವರು. ಬಂಡೆಯ ಮುಂದೆ ಆಗ ಯಾರೂ ಇರುವುದಿಲ್ಲ. ನಾಗರಾಜನ ಹೆಡೆಗಳ ಮೇಲೆ ನೀರು ಇಳಿಯುತ್ತಿರುವುದು.